ಭಾವ ಬರೆದ ಹಾಲಿನ ಫ್ರೀಜರ್

ನನ್ನ ಅಕ್ಕನ ಗಂಡನಿಗೆ ಆಫೀಸಿನವರು ಇಟ್ಟ ಹೆಸರು ‘ಹ್ಞೂಂ’. ಊಟ ಆಯಿತಾ ಎಂದು ಕೇಳಿದರೆ ಹ್ಞೂಂ. ಲಿಫ್ಟ್ ಕೆಟ್ಟಿದೆಯಂತೆ ಎಂದರೆ ಹ್ಞೂಂ. ನಾಳೆಯಿಂದ ಆಫೀಸೇ ಇಲ್ಲ ಎಂದರೂ ಅದೇ ಹ್ಞೂಂ ಬರುತ್ತಿತ್ತೋ ಏನೋ. ಮೊದಲ ಸಲ ಅವರು ನಮ್ಮ ಮನೆಗೆ ಬಂದಾಗ ಅಮ್ಮ ಬಹಳ ಹೊತ್ತು ಮಾತಾಡಿಸಿ ನೋಡಿ, ಸೋತು ಒಳಗೆ ಬಂದು, “ಹುಡುಗ ಒಳ್ಳೆಯವನೇ ಕಣೇ, ಆದ್ರೆ ಬಾಯಿಂದ ಮಾತು ಕೀಳ್ಬೇಕು ಅಂದ್ರೆ ಇಕ್ಕಳ ಬೇಕು” ಎಂದಿದ್ದಳು. ನನಗೆ ಬಾಯಿ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ, ಸುಳ್ಳೇನಲ್ಲ. ಹಾಗಾಗಿ ಭಾವನ ಕಥೆಯನ್ನು ನಾನೇ ಹೇಳಬೇಕು. ಅವರನ್ನು ಕೇಳಿದರೆ ನಿಮಗೆ ಏನು ಸಿಗುತ್ತದೆ ಎಂದು ಗೊತ್ತಾಯಿತಲ್ಲ.

ಭಾವನ ಅಪ್ಪ ಲಾರಿ ಓಡಿಸುತ್ತಿದ್ದರು. ಮನೆಗೆ ಬರುವುದು ಅಪರೂಪ. ಬಂದರೆ ಕುಳಿತುಕೊಳ್ಳುವ ಮನುಷ್ಯ ಅಲ್ಲ. ಯಾರೂ ಹೇಳದೆಯೇ ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟು, ಸೋರುವ ನಲ್ಲಿಗೆ ವಾಷರ್ ಹಾಕಿ, ಮಗನ ಸೈಕಲ್ಲಿನ ಬ್ರೇಕ್ ಬಿಗಿ ಮಾಡಿ, ಮಗ ಏಳುವ ಹೊತ್ತಿಗೆ ಹೊರಟುಹೋಗಿರುತ್ತಿದ್ದರು. ಅಪ್ಪ ಬಂದಿದ್ದು ಭಾವನಿಗೆ ಗೊತ್ತಾಗುತ್ತಿದ್ದುದೇ ಬ್ರೇಕ್ ಹಿಡಿದಾಗ. ಇದನ್ನು ಅವರು ಅಕ್ಕನಿಗೆ ಒಮ್ಮೆ ಹೇಳಿದ್ದರಂತೆ, ಅಕ್ಕ ನನಗೆ ಹೇಳಿದಳು.

ಓದು ಮುಗಿಸಿ ಭಾವ ಒಂದು ದೊಡ್ಡ ವಿಮಾ ಕಂಪನಿಗೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದರು. ಜಾವಾ ಎಂಬ ಭಾಷೆಯಲ್ಲಿ ಬರೆಯುತ್ತಿದ್ದರು. ಕೂದಲು ಅರ್ಧ ನೆರೆಯುವವರೆಗೂ ಅಲ್ಲೇ ಇದ್ದರು. ಆ ವಿಭಾಗವನ್ನು ಮುಚ್ಚಿದಾಗ ಎಲ್ಲರೂ ಕೂಗಾಡಿದರು, ಇವರು ಮೇಜಿನ ಮೇಲಿದ್ದ ಲೋಟ ತೊಳೆದು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು. ಆಮೇಲೆ ಸಿಕ್ಕಿದ್ದು ಬೇಕರಿಯ ಮೇಲಿನ ಎರಡು ಕೋಣೆಯ ಆಫೀಸು. ಫ್ರಿಜ್ ಮತ್ತು ಫ್ರೀಜರುಗಳಿಗೆ ಸೆನ್ಸರ್ ಕೂರಿಸಿ, ಒಳಗಿನ ಚಳಿ ಕಡಿಮೆಯಾದರೆ ಸಂಬಂಧಪಟ್ಟವರಿಗೆ ತಾನಾಗಿ ಫೋನ್ ಹೋಗುವಂತೆ ಮಾಡುವುದು ಅವರ ವ್ಯಾಪಾರ. ಔಷಧಿ ಅಂಗಡಿ, ಐಸ್‌ಕ್ರೀಂ ಗೋದಾಮು, ಹೂವಿನಂಗಡಿ, ಎಲ್ಲರೂ ಗಿರಾಕಿಗಳೇ. ಅಲ್ಲಿನ ಭಾಷೆ ಪಿಎಚ್‌ಪಿ. ಆ ವಯಸ್ಸಿನಲ್ಲಿ ಹೊಸ ಭಾಷೆ ಕಲಿತು, ತಮಗಿಂತ ಚಿಕ್ಕವರ ಕೈಕೆಳಗೆ ಕೂರಲು ಭಾವ ಒಪ್ಪಿಕೊಂಡರು. ಒಪ್ಪಿಕೊಂಡರೋ ಹ್ಞೂಂ ಎಂದರೋ, ಎರಡಕ್ಕೂ ಅವರಲ್ಲಿ ವ್ಯತ್ಯಾಸ ಇರಲಿಲ್ಲ.

ಕೆಲಸದ ವಿಷಯ ತೆಗೆದರೆ ಮಾತ್ರ ಈ ಮನುಷ್ಯನ ಬಾಯಿ ಬಿಚ್ಚುತ್ತಿತ್ತು. ಒಂದು ಸಲ ಊಟದ ಮೇಜಿನ ಮೇಲೆ ತಟ್ಟೆ ಚಮಚಗಳನ್ನೇ ಇಟ್ಟುಕೊಂಡು ನನಗೂ ಅಕ್ಕನಿಗೂ ಪಾಠ ಮಾಡಿದ್ದರು. ಎಲ್ಲ ಫ್ರಿಜ್‌ಗಳಿಗೂ ಸಾಮಾನ್ಯವಾದದ್ದನ್ನು ಒಂದು ಕಡೆ ಬರೆದಿಡುತ್ತಾರೆ. ಅದು ಅಪ್ಪ ಕ್ಲಾಸು. ಔಷಧಿ ಫ್ರಿಜ್, ಹೂವಿನ ಫ್ರಿಜ್ ಇವೆಲ್ಲ ಅದರ ಮಕ್ಕಳು. ಅಪ್ಪನಿಗೆ ಗೊತ್ತಿರುವುದೆಲ್ಲ ಮಕ್ಕಳಿಗೆ ತಾನಾಗಿ ಬರುತ್ತದೆ, ಮತ್ತೆ ಬರೆಯುವ ಗೋಜಿಲ್ಲ. ಪ್ರೋಗ್ರಾಂ ನಡೆಯುವಾಗ ಒಂದೊಂದು ಫ್ರಿಜ್ ಹುಟ್ಟಿದ ಗಳಿಗೆಯಲ್ಲೇ ಓಡುವ ನಾಲ್ಕಾರು ಸಾಲು ಇರುತ್ತವೆ. ಅದನ್ನು ಕನ್‌ಸ್ಟ್ರಕ್ಟರ್ ಎನ್ನುತ್ತಾರೆ. ಕೆಲಸಕ್ಕೆ ಕೂರುವ ಮುಂಚೆ ಬೇಕಾದ್ದನ್ನೆಲ್ಲ ಜೋಡಿಸಿಕೊಳ್ಳುವುದು ಅದರ ಕೆಲಸ. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಎಂಬ ನಂಬರುಗಳನ್ನು ತಂದುಕೊಳ್ಳುವುದೂ ಅಪ್ಪನ ಕನ್‌ಸ್ಟ್ರಕ್ಟರಿನಲ್ಲೇ ಇತ್ತು.

“ಮತ್ತೆ ಅಮ್ಮ ಏನ್ಮಾಡ್ತಾಳೆ?” ಎಂದು ಅಕ್ಕ ಕೇಳಿದಳು.

“ಇದ್ರಲ್ಲಿ ಹೆತ್ತೋರು ಅಂತ ಒಬ್ಬರೇ ಇರೋದು, ಒಬ್ಬರಿಗಿಂತ ಹೆಚ್ಚು ಇರೋ ಹಾಗಿಲ್ಲ” ಎಂದು ಭಾವ ಗಂಭೀರವಾಗಿ ಹೇಳಿದರು. ಅಕ್ಕ ಬಿದ್ದು ಬಿದ್ದು ನಕ್ಕಳು. ಆಗ ಅವಳಿಗೆ ಹೊಟ್ಟೆ ಮುಂದೆ ಬಂದಿತ್ತು, ನಕ್ಕರೆ ಮೇಜಿಗೆ ತಾಗುತ್ತಿತ್ತು. ಮದುವೆಯಾಗಿ ಎಷ್ಟೋ ವರ್ಷ ಕಾದು, ಇನ್ನು ಆಗುವುದಿಲ್ಲ ಎಂದು ಇಬ್ಬರೂ ಕೈಚೆಲ್ಲಿ ಕುಳಿತ ಮೇಲೆ ನಿಂತ ಬಸಿರು ಅದು.

ಮಗು ದಿನ ತುಂಬುವ ಮುಂಚೆಯೇ ಹುಟ್ಟಿತು. ಹೆಣ್ಣು. ಅಂಗೈಯಲ್ಲಿ ಹಿಡಿಯಬಹುದಾದಷ್ಟು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಅದಕ್ಕೆ ಚೀಪುವ ಶಕ್ತಿ ಇರಲಿಲ್ಲ, ಅಕ್ಕನ ಹಾಲನ್ನು ನಳಿಕೆಯಲ್ಲಿ ಹನಿ ಹನಿಯಾಗಿ ಬಿಡುತ್ತಿದ್ದರು. ಅಕ್ಕನಿಗೆ ಹಾಲು ಧಾರಾಳವಾಗಿತ್ತು. ಮಗು ಕುಡಿದು ಉಳಿದದ್ದನ್ನು ಅದೇ ಆಸ್ಪತ್ರೆಯ ತಾಯಿ ಹಾಲಿನ ಬ್ಯಾಂಕಿಗೆ ಕೊಡುತ್ತಿದ್ದಳು. ಅವರವರ ತಾಯಿಯ ಹಾಲು ಸಿಗದ ಎಳೆ ಮಕ್ಕಳಿಗೆ ಅಲ್ಲಿಂದ ಕೊಡುತ್ತಾರೆ. ಕೆಲವು ವಾರ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಮಗು ಹೋಯಿತು.

ಹಾಲು ನಿಲ್ಲಲಿಲ್ಲ. ಮೈಗೆ ಯಾರು ಹೇಳಬೇಕು? ನಿಲ್ಲಿಸುವುದು ಹೇಗೆಂದು ಡಾಕ್ಟರು ಹೇಳಿಕೊಟ್ಟರು. ಅಕ್ಕ ಅದನ್ನು ಕೇಳಿಸಿಕೊಂಡು, ಮಾರನೇ ದಿನ ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ಹಾಲಿನ ಬ್ಯಾಂಕಿಗೆ ಹೋದಳು. ಆಮೇಲೆ ಅದೇ ಅವಳ ದಿನಚರಿ. ಹಾಲಿನ ಕೋಣೆ ನೋಡಿಕೊಳ್ಳುತ್ತಿದ್ದ ನರ್ಸಮ್ಮ ದಪ್ಪನೆಯ ಹೆಂಗಸು, ದನಿ ಮಾತ್ರ ಮೆತ್ತಗೆ. “ನಿನ್ನೆ ನಿಮ್ಮ ಹಾಲು ಕುಡಿದವನು ಇವತ್ತು ಕಣ್ಣು ಬಿಟ್ಟ” ಎಂದೋ, “ಇನ್ನೊಬ್ಬಳು ತೂಕ ಬಂದು ಮನೆಗೆ ಹೋದ್ಲು” ಎಂದೋ ಅಕ್ಕನಿಗೆ ಏನಾದರೊಂದು ಹೇಳಿ ಕಳಿಸುತ್ತಿದ್ದಳು. ಅಕ್ಕ ಮನೆಗೆ ಬಂದು ಅದನ್ನು ನನಗೆ, ಭಾವನಿಗೆ, ಕೊನೆಗೆ ಫೋನಿನಲ್ಲಿ ಅಮ್ಮನಿಗೂ ಹೇಳಿದ ಮೇಲೆಯೇ ಊಟಕ್ಕೆ ಕೂರುವುದು. ಆ ದಿನಗಳಲ್ಲಿ ನಾನು ಅವರ ಮನೆಯಲ್ಲೇ ಇದ್ದೆ. ಅವಳು ಜೀವ ಹಿಡಿದುಕೊಂಡಿದ್ದುದೇ ಆ ಒಂದು ಮಾತಿನ ಮೇಲೆ ಎಂದು ನನಗೆ ಗೊತ್ತಿತ್ತು. ಭಾವನಿಗೂ ಗೊತ್ತಿತ್ತು.

ಅದಕ್ಕೇ ಅವರು ತಮ್ಮ ಆಫೀಸಿನ ಯಜಮಾನನ ಬೆನ್ನು ಹತ್ತಿದರು. ಹಾಲಿನ ಬ್ಯಾಂಕಿನ ಫ್ರೀಜರು ಹಳೆಯದು, ಅದಕ್ಕೆ ನಮ್ಮ ಸೆನ್ಸರ್ ಹಾಕೋಣ, ಆಸ್ಪತ್ರೆಯವರ ಜೊತೆ ನಾನೇ ಮಾತಾಡುತ್ತೇನೆ ಎಂದರಂತೆ. ‘ಹ್ಞೂಂ’ ಬಾಯಿಂದ ಇಷ್ಟು ಮಾತು ಹೊರಟಿದ್ದು ಕೇಳಿ ಆಫೀಸೇ ಬೆರಗಾಯಿತಂತೆ. ಕೆಲಸ ಸಿಕ್ಕಿತು. ಬೇರೆ ಫ್ರಿಜ್‌ಗಳಿಗೆಲ್ಲ ಒಂದು ಸೆನ್ಸರ್ ಇದ್ದರೆ ಇದಕ್ಕೆ ಎರಡು ಹಾಕಿಸಿದರು. ಮೇಲಿನ ಖಾನೆಗೊಂದು, ಕೆಳಗಿನ ಖಾನೆಗೊಂದು. ಪ್ರೋಗ್ರಾಮಿನಲ್ಲಿ ‘ಹಾಲಿನ ಫ್ರೀಜರ್’ ಎಂದು ಹೊಸದೊಂದು ಮಗು ಕ್ಲಾಸು ಬರೆದರು. ವಾರವಿಡೀ ಅದರದೇ ಧ್ಯಾನ. ಅಕ್ಕನನ್ನು ಕೂರಿಸಿಕೊಂಡು ಕಂಪ್ಯೂಟರಿನ ಪರದೆ ತೋರಿಸಿದರು. ಎರಡು ಅಂಕಿ, ಎರಡೂ ಹಸಿರು. ಅವಳು ಪರದೆಯ ಮೇಲೆ ಬೆರಳಿಟ್ಟು, “ಇದ್ರಲ್ಲಿ ಯಾವ ಖಾನೇಲಿದೆ ನಂದು?” ಎಂದು ಕೇಳಿದಳು.

“ಕೆಳಗಿಂದು” ಎಂದರು ಭಾವ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ.

ರಜೆಯ ದಿನ ಹಾಲಿನ ಕೋಣೆಗೆ ಬೀಗ. ಬೆಳಿಗ್ಗೆ ಒಮ್ಮೆ ಬೇಕಾದಷ್ಟು ಹಾಲು ತೆಗೆದು ವಾರ್ಡಿನ ಫ್ರಿಜ್‌ಗೆ ಕಳಿಸಿ ಬೀಗ ಹಾಕಿದರೆ ಆಯಿತು. ಏನಾದರೂ ಎಡವಟ್ಟಾದರೆ ನರ್ಸಮ್ಮನಿಗೆ ಫೋನ್ ಬರುತ್ತದಲ್ಲ ಎಂಬ ಧೈರ್ಯ. ಅಂಥದೇ ಒಂದು ಭಾನುವಾರ ಫ್ರೀಜರಿನ ಮೋಟಾರು ಸುಟ್ಟುಹೋಯಿತು. ಯಾರಿಗೂ ಫೋನ್ ಬರಲಿಲ್ಲ. ಸೋಮವಾರ ಬೀಗ ತೆಗೆದಾಗ ಎಲ್ಲವೂ ಕರಗಿ, ಬೆಚ್ಚಗಾಗಿ, ಬಾಟಲಿಯ ಮುಚ್ಚಳಗಳು ಉಬ್ಬಿದ್ದವು. ಎಲ್ಲವನ್ನೂ ಚೆಲ್ಲಿಬಿಟ್ಟರು.

ಅಕ್ಕ ಎಂದಿನಂತೆ ಚೀಲ ಹಿಡಿದು ಹೋದವಳು ಚೀಲದ ಸಮೇತ ವಾಪಸ್ಸು ಬಂದಳು. ಇಡಲು ಜಾಗವಿಲ್ಲ, ಇವತ್ತಿಗೆ ತಗೊಳ್ಳೋದಿಲ್ಲ ಎಂದಿದ್ದರು. ಅಡುಗೆಮನೆಯಲ್ಲಿ ನಿಂತು ಒಂದೊಂದೇ ಬಾಟಲಿ ಬಿಚ್ಚಿ ಸಿಂಕಿಗೆ ಸುರಿದಳು. ನಾನು ಹಿಡಿದುಕೊಳ್ಳಲು ಹೋದೆ, ಮೊಣಕೈಯಿಂದ ತಳ್ಳಿದಳು.

“ಫೋನ್ ಎತ್ತೋಕೇನಾಗಿತ್ತು ಅವಳಿಗೆ?” ಎಂದಳು. “ಸೈಲೆಂಟಲ್ಲಿಟ್ಟು ಮಲಗಿದ್ಲಂತೆ. ಆಸ್ಪತ್ರೆಯವ್ರೇ ಹೇಳಿದ್ರು. ಕೆಲಸದಿಂದ ತೆಗೀತಾರಂತೆ, ತೆಗೀಲಿ. ಹಾಳಾದವಳು, ಅಷ್ಟು ಮಕ್ಕಳ ಬಾಯಿಗೆ ಮಣ್ಣು ಹಾಕಿದ್ಲು.”

ನನ್ನ ಅಕ್ಕ ಯಾರಿಗೂ ಶಾಪ ಹಾಕಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ನರ್ಸಮ್ಮನ ಹಿಂದು ಮುಂದು ಎಲ್ಲ ಜಾಲಾಡಿದಳು. ಬೈಯುತ್ತ ಬೈಯುತ್ತ ಅವಳ ಮುಖಕ್ಕೆ ರಕ್ತ ಬಂತು. ಮಗು ಹೋದಮೇಲೆ ಮೊದಲ ಸಲ ಅವಳು ಬದುಕಿದ್ದಾಳೆ ಎನ್ನಿಸಿತು. ಭಾವ ಶೂಸ್ ಲೇಸು ಕಟ್ಟುತ್ತಿದ್ದರು, ಫೋನ್ ಎಂಬ ಮಾತಿಗೆ ಕೈ ನಿಂತಿತು. ಲೇಸು ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಅವತ್ತು ಮಧ್ಯಾಹ್ನ ಅವರು ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದರು. ಎಂದೂ ಬಂದವರಲ್ಲ. ಗಿರಾಕಿಗಳಿರಲಿಲ್ಲ. ಕಣ್ಣು ಪರೀಕ್ಷೆಯ ಕುರ್ಚಿಯ ಮೇಲೆ ಕುಳಿತು ಎದುರಿನ ಅಕ್ಷರಗಳ ಹಲಗೆಯನ್ನು ನೋಡುತ್ತಲೇ ಇದ್ದರು.

“ಏನ್ ಭಾವ, ಕಣ್ಣು ಮಂಜಾಯ್ತಾ?”

“ಫೋನ್ ಹೋಗೇ ಇಲ್ಲ” ಎಂದರು. “ಆಯಮ್ಮ ಎತ್ತಲಿಲ್ಲ ಅನ್ನೋದು ಸುಳ್ಳು. ಹೋಗಿದ್ರೆ ತಾನೇ ಎತ್ತೋದು?”

ನನಗೆ ಅರ್ಥವಾಗಲಿಲ್ಲ. ಆಗ ಅವರು ಹೇಳತೊಡಗಿದರು. ಅಷ್ಟು ಉದ್ದಕ್ಕೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

“ಬೇರೆ ಫ್ರಿಜ್‌ಗಳಿಗೆ ನಾನು ಕನ್‌ಸ್ಟ್ರಕ್ಟರ್ ಬರೆದೇ ಇರ್ಲಿಲ್ಲ. ಮಗುವಿಗೆ ಸ್ವಂತದ್ದು ಇಲ್ಲ ಅಂದ್ರೆ ಅಪ್ಪಂದೇ ಓಡುತ್ತೆ. ಅಪ್ಪ ನಂಬರ್ ತಂದಿಟ್ಕೊತಾನೆ, ಎಲ್ಲಾ ಸರಿ ಇರುತ್ತೆ. ಇದಕ್ಕೆ ಎರಡು ಸೆನ್ಸರ್ ಅಂತ ಸ್ವಂತ ಕನ್‌ಸ್ಟ್ರಕ್ಟರ್ ಬರೆದೆ. ಪಿಎಚ್‌ಪೀಲಿ ಮಗುವಿಗೆ ಸ್ವಂತದ್ದು ಬಂತು ಅಂದ್ರೆ ಅಪ್ಪಂದು ಓಡಲ್ಲ. ಮಗುವಿನ ಒಳಗಿಂದ ಅಪ್ಪನ ಕನ್‌ಸ್ಟ್ರಕ್ಟರನ್ನ ಕರೀಬೇಕು. ಒಂದು ಸಾಲು. ಅಷ್ಟೇ. ಬರೀಲಿಲ್ಲ.”

“ಯಾಕೆ ಬರೀಲಿಲ್ಲ?”

“ಜಾವಾದಲ್ಲಿ ಬರೀಬೇಕಾಗಿರ್ಲಿಲ್ಲ. ಅಲ್ಲಿ ನೀನು ಕರೀ, ಬಿಡು, ಮೊದ್ಲು ಅಪ್ಪಂದು ಓಡಿಯೇ ಮಗುವಿಂದು ಓಡೋದು. ಅಷ್ಟು ವರ್ಷ ಹಾಗೇ ಬರೆದ ಕೈ. ಇಲ್ಲಿ ಹಾಗಲ್ಲ ಅಂತ ಓದಿದ್ದೆ. ಗೊತ್ತಿತ್ತು. ಬರೆಯೋವಾಗ ಕೈಗೆ ಗೊತ್ತಿರ್ಲಿಲ್ಲ.”

“ತಪ್ಪಿದ್ರೆ ಕಂಪ್ಯೂಟರ್ ಕಿರುಚಲ್ವಾ?”

“ಕಿರುಚಲ್ಲ. ಇದು ತಪ್ಪೇ ಅಲ್ವಲ್ಲ ಅದರ ಲೆಕ್ಕದಲ್ಲಿ. ಅಪ್ಪ ಬೇಡ ಅಂತಾನೇ ಬಿಟ್ಟಿರಬಹುದು ಅನ್ಕೊಳುತ್ತೆ. ಭಾನುವಾರ ಫ್ರೀಜರ್ ಕೆಟ್ಟಾಗ ‘ಇರೋ ನಂಬರಿಗೆಲ್ಲ ಫೋನ್ ಮಾಡು’ ಅನ್ನೋ ಜಾಗಕ್ಕೆ ಬಂದಿದೆ. ಒಂದು ನಂಬರೂ ಇಲ್ಲ. ಯಾರಿಗೂ ಮಾಡದೆ, ಕೆಲಸ ಮುಗೀತು ಅಂತ ಮುಂದೆ ಹೋಗಿದೆ.”

ಹಸಿರು ಅಂಕಿಗಳನ್ನು ಪರೀಕ್ಷೆ ಮಾಡಿದ್ದರಂತೆ. ಫೋನ್ ಹೋಗುತ್ತದಾ ಎಂದು ಮಾಡಿರಲಿಲ್ಲ. ಅದು ಅಪ್ಪ ಕ್ಲಾಸಿನ ಕೆಲಸ, ವರ್ಷಗಳಿಂದ ಎಲ್ಲ ಅಂಗಡಿಗಳಲ್ಲಿ ಹೋಗುತ್ತಲೇ ಇದೆ, ಅದನ್ನೇನು ನೋಡುವುದು ಎಂದುಕೊಂಡಿದ್ದರು. ಐಸ್‌ಕ್ರೀಮು, ಹೂವು ಎಲ್ಲವೂ ಏನೂ ಬರೆಯದೆ ಬಿಟ್ಟಿದ್ದರಿಂದ ಚೆನ್ನಾಗಿದ್ದವು. ಅಕ್ಕರೆಯಿಂದ ಕೂತು ಬರೆದ ಇದೊಂದೇ ಕೈಕೊಟ್ಟಿತು. ನನಗೆ ಅವರ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಸಿಟ್ಟನ್ನೇ ಮುಂದೆ ಮಾಡಿದೆ.

“ಯಜಮಾನರಿಗೆ ಹೇಳಿದ್ರಾ?”

“ಹೇಳಿದೆ. ‘ಸಿಸ್ಟಮ್ ಸರಿಯಾಗಿದೆ ಅಂತ ಆಸ್ಪತ್ರೆಗೆ ಹೇಳಾಗಿದೆ, ಆ ಸಾಲು ಹಾಕಿ ಸುಮ್ನಿರಿ’ ಅಂದ್ರು.”

“ನೀವೇನಂದ್ರಿ?”

ಅವರು ಮತ್ತೆ ಅಕ್ಷರಗಳ ಹಲಗೆಯ ಕಡೆ ತಿರುಗಿದರು. ಏನೆಂದಿರಬಹುದು ಎಂದು ನನಗೆ ಗೊತ್ತಾಯಿತು.

“ನೋಡಿ ಭಾವ, ಅಲ್ಲೊಬ್ಬ ಹೆಂಗಸಿನ ಅನ್ನ ಹೋಗ್ತಿದೆ. ನಿಮ್ಮ ಹ್ಞೂಂ ಇಲ್ಲಿ ನಡಿಯಲ್ಲ. ಹೋಗಿ ಆಸ್ಪತ್ರೆಯವ್ರಿಗೆ ಹೇಳಿ. ಆಮೇಲೆ ಮನೆಗೆ ಬಂದು ಅಕ್ಕನಿಗೆ ಹೇಳಿ.”

“ಆಸ್ಪತ್ರೆಗೆ ಹೇಳ್ತೀನಿ” ಎಂದರು. “ಅವಳಿಗೆ ಹೆಂಗಮ್ಮಾ ಹೇಳ್ಲಿ? ನಿನ್ನ ಹಾಲು ಚೆಲ್ಲಿಸಿದ್ದು ನಾನು ಅಂತ ಯಾವ ಬಾಯಲ್ಲಿ ಹೇಳ್ಲಿ?”

ಈ ಭಾನುವಾರದೊಳಗೆ ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದೆ. ಅವರು ಹ್ಞೂಂ ಎಂದು ಎದ್ದರು.

ಆಸ್ಪತ್ರೆಗೆ ಹೋದದ್ದು ನಿಜ. ಮರುದಿನವೇ ಹೋಗಿ, ಮೇಲಿನವರ ಕೋಣೆಯಲ್ಲಿ ನಿಂತು, ತಪ್ಪು ನನ್ನದು, ನರ್ಸಮ್ಮನಿಗೆ ಫೋನೇ ಹೋಗಿಲ್ಲ ಎಂದು ಹೇಳಿದರು. ಅಲ್ಲಿಯವರು ಯಜಮಾನನಿಗೆ ಫೋನ್ ಮಾಡಿ ಉಗಿದರು. ಯಜಮಾನ ಭಾವನನ್ನು ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ಚೆನ್ನಾದದ್ದೊಂದು ಹುಡುಕಿದ. ಇನ್ನು ಮೇಲೆ ನೀವು ಪ್ರೋಗ್ರಾಂ ಮುಟ್ಟಬೇಡಿ, ಗಿರಾಕಿಗಳ ಫೋನ್ ತಗೊಳ್ಳಿ ಎಂದ. ಬೆಳಗಿನಿಂದ ಸಂಜೆವರೆಗೆ ಮಾತಾಡುವ ಕೆಲಸ, ಅದೂ ಈ ಮನುಷ್ಯನಿಗೆ. ನನಗೆ ಇದು ತಿಳಿದಾಗ ನಗು ಬಂತು ಎಂದರೆ ನೀವು ನನ್ನನ್ನು ಕೆಟ್ಟವಳು ಎಂದುಕೊಳ್ಳಬಹುದು. ಬಂದದ್ದು ಬಂತು.

ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. ಊಟಕ್ಕೆ ಕುಳಿತು ಭಾವ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಕ್ಕ ತಲೆಯೆತ್ತಿ, “ಏನ್ರೀ?” ಎಂದರೆ, “ಉಪ್ಪು” ಎನ್ನುತ್ತಿದ್ದರು. ಉಪ್ಪು ಕೈಗೆಟುಕುವ ಹಾಗೆಯೇ ಇರುತ್ತಿತ್ತು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿಯುತ್ತಿದ್ದೆ. ಅಕ್ಕ ಪಾಪ, ಗಂಡನೂ ಹಾಲಿನ ದುಃಖದಲ್ಲೇ ಇದ್ದಾನೆ ಎಂದುಕೊಂಡು ಅವರ ತಟ್ಟೆಗೆ ಇನ್ನಷ್ಟು ಬಡಿಸುತ್ತಿದ್ದಳು. “ನೀವು ಅಷ್ಟು ಮುತುವರ್ಜಿಯಿಂದ ಮಾಡಿದ್ರಿ, ಅವಳು ಒಂದು ಫೋನ್ ಎತ್ತಿದ್ರೆ ಆಗೋದು” ಎಂದು ಸಮಾಧಾನ ಮಾಡುತ್ತಿದ್ದಳು. ಆ ಸಮಾಧಾನವನ್ನು ನುಂಗುವಾಗ ಭಾವನ ಮುಖ ನೋಡಲು ಆಗುತ್ತಿರಲಿಲ್ಲ.

ಹಾಲು ತೆಗೆಯುವುದನ್ನು ಅಕ್ಕ ಬಿಟ್ಟಿದ್ದಳು. ಫ್ರೀಜರ್ ಬರಲಿ ಎನ್ನುತ್ತಿದ್ದಳು. ತೆಗೆಯದೆ ಬಿಟ್ಟರೆ ಅದು ತಾನೇ ಬತ್ತುತ್ತದೆ. ಆ ವಾರದಲ್ಲೇ ಬತ್ತಿತು.

ಶನಿವಾರ ಸಂಜೆ ಯಾರೋ ಬಾಗಿಲು ಬಡಿದರು. ಅಕ್ಕ ತೆಗೆದಳು. ನರ್ಸಮ್ಮ ನಿಂತಿದ್ದಳು. ಸಮವಸ್ತ್ರ ಇಲ್ಲದೆ ಬೇರೆಯೇ ಹೆಂಗಸಿನಂತೆ ಕಾಣುತ್ತಿದ್ದಳು, ಕೈಯಲ್ಲಿ ಹಣ್ಣಿನ ಚೀಲ. ಅಕ್ಕ ಮುಖ ಗಂಟಿಕ್ಕಿಕೊಂಡು ಬಾಗಿಲಿಗೆ ಅಡ್ಡ ನಿಂತಳು. ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ನರ್ಸಮ್ಮ ಅಕ್ಕನ ಎರಡೂ ಕೈ ಹಿಡಿದುಕೊಂಡಿದ್ದಳು.

“ನಿಮ್ಮೆಜಮಾನ್ರು ದೇವರಂಥವ್ರಮ್ಮ” ಎಂದಳು. “ಪ್ರೋಗ್ರಾಂ ತಪ್ಪು ನಂದೇ, ಫೋನೇ ಹೋಗಿಲ್ಲ ಅಂತ ಅವ್ರೇ ಬಂದು ಹೇಳ್ಲಿಲ್ಲ ಅಂದಿದ್ರೆ ನಾನು ಬೀದಿ ಪಾಲಾಗ್ತಿದ್ದೆ. ಈ ಕಾಲದಲ್ಲಿ ಯಾರು ಹಾಗೆ ಹೇಳ್ತಾರೆ? ಸೋಮವಾರದಿಂದ ಮತ್ತೆ ಡ್ಯೂಟಿಗೆ ಕರೆದಿದ್ದಾರೆ.”

ಭಾವ ಒಳಗಿನ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಅಕ್ಕ ತಿರುಗಿ ಅವರನ್ನು ನೋಡಲಿಲ್ಲ. ಕೈ ಬಿಡಿಸಿಕೊಂಡು, “ಒಳಗೆ ಬನ್ನಿ, ಕೂತ್ಕೊಳಿ” ಎಂದಳು. ಚಹಾ ಮಾಡಿ ಕೊಟ್ಟಳು. ನರ್ಸಮ್ಮ ಹೊಸ ಫ್ರೀಜರ್ ಬಂದದ್ದನ್ನು ಹೇಳಿದಳು. ಚೆಲ್ಲಿದ ಮೇಲೆ ಮಕ್ಕಳಿಗೆ ಏನು ಮಾಡಿದಿರಿ ಎಂದು ಅಕ್ಕ ಕೇಳಿದಳು. ಡಬ್ಬಿ ಹಾಲು ಕೊಟ್ಟೆವು, ಕೆಲವಕ್ಕೆ ಒಗ್ಗಿತು, ಕೆಲವಕ್ಕೆ ಇಲ್ಲ ಎಂದು ಹೇಳಿ ನರ್ಸಮ್ಮ ಮಾತು ಬದಲಾಯಿಸಿದಳು. ಏಳುವಾಗ, “ನೀವು ಮತ್ತೆ ಬರ್ಬೇಕು ಕಣಮ್ಮ” ಎಂದಳು.

“ಬರೋಕಾಗಲ್ಲ. ನಿಂತೋಯ್ತು” ಎಂದಳು ಅಕ್ಕ.

ಬಾಗಿಲು ಹಾಕಿಕೊಂಡು ಬಂದು ಖಾಲಿ ಲೋಟದ ಎದುರು ಕುಳಿತಳು. ನಾನು ಏನೋ ಹೇಳಲು ಹೋದೆ, ನೀನು ಸುಮ್ಮನಿರು ಎನ್ನುವಂತೆ ಕೈ ಎತ್ತಿದಳು. ಭಾವ ನಿಂತಲ್ಲೇ ನಿಂತಿದ್ದರು.

“ಮಗು ಹೋದಾಗ ಡಾಕ್ಟ್ರು ಬಂದು ಯಾರ ತಪ್ಪೂ ಇಲ್ಲ ಅಂದ್ರು” ಎಂದಳು. ದನಿ ಏರಲಿಲ್ಲ. “ಅಮ್ಮನೂ ಅಂದ್ಲು. ನೀವೂ ಅಂದ್ರಿ. ಬೈಯೋಕೆ ಒಬ್ರೂ ಸಿಗ್ಲಿಲ್ಲ ನಂಗೆ. ಎಷ್ಟು ಹುಡುಕಿದೀನಿ ಗೊತ್ತಾ? ಕೊನೆಗೆ ಇವಳು ಸಿಕ್ಕಿದ್ಲು, ವಾರವೆಲ್ಲಾ ಬೈದೆ. ಹಗುರ ಆಗ್ತಿತ್ತು ರೀ. ಈಗ ನೋಡಿದ್ರೆ ಅವಳೂ ಅಲ್ಲ.”

“ನಾನು” ಎಂದರು ಭಾವ. “ನನ್ನ ಬೈ. ಎಷ್ಟು ಬೇಕಾದ್ರೂ ಬೈದುಬಿಡು.”

ಅಕ್ಕ ಅವರ ಮುಖ ನೋಡಿದಳು. ಬಾಯಿ ತೆರೆದಳು. ನರ್ಸಮ್ಮನಿಗೆ ಅಂದ ಮಾತುಗಳೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇದ್ದಿರಬೇಕು. ಒಂದೂ ಹೊರಗೆ ಬರಲಿಲ್ಲ.

“ಆಗ್ತಿಲ್ಲ” ಎಂದು ಎದ್ದು ಲೋಟಗಳನ್ನು ತೊಳೆಯಲು ಹೋದಳು.

ಇದಾಗಿ ಬಹಳ ಕಾಲವಾಯಿತು. ಇಬ್ಬರೂ ಒಟ್ಟಿಗೇ ಇದ್ದಾರೆ. ಜಗಳವಿಲ್ಲ, ಏರುದನಿಯಿಲ್ಲ, ನೋಡಿದವರು ಇಂಥ ಜೋಡಿ ಇಲ್ಲ ಎನ್ನುತ್ತಾರೆ. ಅಕ್ಕ ಇವತ್ತಿಗೂ ಬೈದಿಲ್ಲ. ಬೈದಿದ್ದರೆ ಆ ಮನುಷ್ಯ ಯಾವತ್ತೋ ಸುಧಾರಿಸಿಕೊಳ್ಳುತ್ತಿದ್ದರು ಎಂದು ನಾನು ಬಲ್ಲೆ. ಫೋನಿನ ಕೆಲಸ ಮಾಡಿ ಮಾಡಿ ಭಾವ ಈಗ ಚೆನ್ನಾಗಿ ಮಾತಾಡುತ್ತಾರೆ, ಆಫೀಸಿನಲ್ಲಿ ಆ ಅಡ್ಡಹೆಸರು ಹೊಸಬರಿಗೆ ಗೊತ್ತೇ ಇಲ್ಲ. ನಾನು ಅವರ ಮನೆಗೆ ಹೋದಾಗಲೆಲ್ಲ ಒಂದು ವಿಷಯ ನೋಡುತ್ತೇನೆ. ಅಷ್ಟು ಅಚ್ಚುಕಟ್ಟಿನ ಮನುಷ್ಯ ಈಗ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುತ್ತಾರೆ, ಕೆಸರಿನ ಶೂಸ್ ಹಾಕಿಕೊಂಡೇ ಒಳಗೆ ಬರುತ್ತಾರೆ, ಕೈ ತೊಳೆದು ನಲ್ಲಿಯನ್ನು ಬಿಟ್ಟು ಬಂದು, ಅಡುಗೆಮನೆಯ ಕಡೆ ಕಿವಿ ಕೊಟ್ಟು ಕೂರುತ್ತಾರೆ. ನೀರು ಸುರಿಯುತ್ತಿರುತ್ತದೆ. ಅಕ್ಕ ಬಂದು ನಲ್ಲಿ ನಿಲ್ಲಿಸಿ, ಏನೂ ಹೇಳದೆ ಹೋಗುತ್ತಾಳೆ.